ಬರಾಬರ್ ಆದಾಗ ಗೆದ್ದವರು ಯಾರು?

ನಮ್ಮ ಮನೆಯಲ್ಲಿ ಒಂದು ಕಾನೂನು ಇತ್ತು. ಯು-ಗಿ-ಓ ಕಾರ್ಡ್ ಆಟದಲ್ಲಿ ಇಬ್ಬರ ಕಾರ್ಡಿನ ಬಲ ಒಂದೇ ಆದರೆ ಅಣ್ಣನ ಕಾರ್ಡ್ ಉಳಿಯುತ್ತದೆ, ತಮ್ಮನದು ಹೋಗುತ್ತದೆ. ಅಣ್ಣ ಎಂದರೆ ನಾನು. ಕಾನೂನು ಮಾಡಿದವನೂ ನಾನೇ. ಏಳನೇ ಕ್ಲಾಸಿನ ನನ್ನ ತಮ್ಮ ಎರಡು ವರ್ಷ ಅದನ್ನು ನಂಬಿ ಆಡಿದ.

ಕಳೆದ ತಿಂಗಳು ಊಟದ ಬಿಡುವಿನಲ್ಲಿ ನಮ್ಮ ಕ್ಲಾಸಿನ ಇಬ್ಬರು ಇದೇ ವಿಷಯಕ್ಕೆ ಜಗಳ ತೆಗೆದರು. ‘ಮೊದಲು ದಾಳಿ ಮಾಡಿದವನೇ ಗೆದ್ದ ಹಾಗೆ’ ಎಂದು ಒಬ್ಬ. ‘ಬರಾಬರ್ ಅಂದರೆ ಬರಾಬರ್, ಏನೂ ಆಗಲ್ಲ’ ಎಂದು ಇನ್ನೊಬ್ಬ. ಪಂಚಾಯ್ತಿಗೆ ನನ್ನನ್ನು ಕರೆದರು. ಮನೆಯ ಕಾನೂನು ಹೇಳಲು ನಾಚಿಕೆಯಾಯಿತು. ಅಂದು ಸಂಜೆ ಮೊದಲ ಸಲ ನಿಯಮಗಳನ್ನು ಪೂರ್ತಿ ಓದಿದೆ. ಒಬ್ಬ ತಪ್ಪು, ಇನ್ನೊಬ್ಬ ಅರ್ಧ ಸರಿ, ನಾನು ಪೂರ್ತಿ ತಪ್ಪು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಇದು ಜಪಾನಿನ ಆಟ. ಇಬ್ಬರಿಗೂ ತಲಾ 8000 ಲೈಫ್ ಪಾಯಿಂಟ್ ಇರುತ್ತದೆ. ಮಾನ್‌ಸ್ಟರ್ ಕಾರ್ಡಿನಲ್ಲಿ ಸಾಮಾನ್ಯವಾಗಿ ಎರಡು ಅಂಕಿ: ದಾಳಿಯ ಬಲ ಮತ್ತು ರಕ್ಷಣೆಯ ಬಲ. ಕಾರ್ಡನ್ನು ನೇರವಾಗಿ ಇಟ್ಟರೆ ದಾಳಿಯ ಸ್ಥಿತಿ, ಅಡ್ಡಲಾಗಿ ಇಟ್ಟರೆ ರಕ್ಷಣೆಯ ಸ್ಥಿತಿ.

ಡಾರ್ಕ್ ಮೆಜಿಶಿಯನ್ ದಾಳಿಯ ಬಲ 2500. ಸಮ್ಮನ್ಡ್ ಸ್ಕಲ್‌ದೂ 2500. ಎರಡೂ ದಾಳಿಯ ಸ್ಥಿತಿಯಲ್ಲಿ ಎದುರಾದರೆ ಎರಡೂ ನಾಶ. ಯಾರ ಲೈಫ್ ಪಾಯಿಂಟೂ ಕಡಿಮೆಯಾಗುವುದಿಲ್ಲ. ಅದೇ ಮೆಜಿಶಿಯನ್, ರಕ್ಷಣೆಯ ಸ್ಥಿತಿಯಲ್ಲಿರುವ ಬ್ಲೂ ಐಸ್ ಡ್ರಾಗನ್ ಮೇಲೆ ಹೋದರೆ? ಡ್ರಾಗನ್‌ನ ರಕ್ಷಣೆಯ ಬಲವೂ 2500. ಆಗ ಎರಡೂ ಉಳಿಯುತ್ತವೆ. ಇನ್ನೊಂದು ನಿಯಮ ನನಗೆ ತುಂಬಾ ಇಷ್ಟವಾಯಿತು: ದಾಳಿಯ ಬಲ ಸೊನ್ನೆ ಇರುವ ಎರಡು ಕಾರ್ಡ್ ಎದುರಾದರೆ ಎರಡೂ ಉಳಿಯುತ್ತವೆ. ಬಲವೇ ಇಲ್ಲದವರು ಯಾರನ್ನು ಕೆಡವುತ್ತಾರೆ?

ಇದರಲ್ಲಿ ಲೆಕ್ಕವೂ ಇದೆ. ಸಮಬಲದ ದಾಳಿ ಎಂದರೆ ನನ್ನದೊಂದು ಕೊಟ್ಟು ಅವನದೊಂದು ತೆಗೆಯುವುದು. ನನ್ನ ಬಳಿ ಮೂರು ಮಾನ್‌ಸ್ಟರ್ ಇದ್ದು ಅವನ ಬಳಿ ಒಂದೇ ಇದ್ದರೆ ಈ ವ್ಯಾಪಾರ ನನಗೆ ಲಾಭ. ಅವನ ಅಂಗಳ ಖಾಲಿಯಾಗುತ್ತದೆ, ಉಳಿದ ಎರಡು ನೇರವಾಗಿ ಅವನ ಲೈಫ್ ಪಾಯಿಂಟ್‌ಗೆ ಹೊಡೆಯಬಹುದು. ನನ್ನ ಬಳಿಯೂ ಒಂದೇ ಇದ್ದರೆ ಹತ್ತು ಸಲ ಯೋಚಿಸಬೇಕು. ‘ದಾಳಿ ಮಾಡಿದವನೇ ಗೆದ್ದ’ ಎಂದರೆ ಈ ಯೋಚನೆಯೇ ಬೇಕಿಲ್ಲ, ಮೊದಲು ಕೈ ಎತ್ತಿದವನದೇ ಆಟ. ‘ಅಣ್ಣನೇ ಗೆದ್ದ’ ಎಂದರಂತೂ ಆಟವೇ ಬೇಕಿಲ್ಲ.

‘ಆಟ ತಾನೇ, ಮನೆಯಲ್ಲಿ ಹೇಗೆ ಬೇಕಾದರೂ ಆಡಿಕೊಳ್ಳಬಹುದು’ ಎಂದು ನೀವು ಹೇಳಬಹುದು. ಒಪ್ಪುತ್ತೇನೆ. ಆದರೆ ನಿಯಮ ಮೊದಲೇ ಗೊತ್ತಿರಬೇಕು, ಒಬ್ಬನ ಕಡೆಗೇ ವಾಲಿರಬಾರದು, ಆಟದ ಒಳಗಿನಿಂದಲೇ ಬಂದಿರಬೇಕು. 2019ರ ವಿಶ್ವಕಪ್ ಫೈನಲ್ ನೆನಪಿಸಿಕೊಳ್ಳಿ. ಇಂಗ್ಲೆಂಡ್, ನ್ಯೂಜಿಲೆಂಡ್ ಎರಡೂ 241 ರನ್, ಸೂಪರ್ ಓವರಿನಲ್ಲಿ ಎರಡೂ 15. ಕೊನೆಗೆ 17ಕ್ಕೆ 26 ಬೌಂಡರಿ ಎಂದು ಎಣಿಸಿ ಇಂಗ್ಲೆಂಡಿಗೆ ಕಪ್ ಕೊಟ್ಟರು. ನಿಯಮ ಮೊದಲೇ ಬರೆದಿತ್ತು, ಮೋಸವೇನೂ ಆಗಲಿಲ್ಲ. ಆದರೂ ಓಡಿ ತೆಗೆದ ರನ್ನಿಗೆ ಬೆಲೆಯೇ ಇಲ್ಲವೇ ಎಂದು ಜನ ಕೇಳಿದರು. ಅದೇ ವರ್ಷ ಅಕ್ಟೋಬರಿನಲ್ಲಿ ಐಸಿಸಿ ಆ ನಿಯಮವನ್ನು ಕೈಬಿಟ್ಟಿತು.

ನಾವೂ ಕ್ಲಾಸುಗಳ ನಡುವೆ ಕ್ವಿಜ್, ಚರ್ಚಾಸ್ಪರ್ಧೆ ನಡೆಸುತ್ತೇವೆ. ಅಂಕ ಸಮವಾದರೆ ಏನು ಮಾಡುವುದು ಎಂಬುದನ್ನು ಸಮವಾದ ಮೇಲೆ ಯೋಚಿಸಿದರೆ, ಆ ಹೊತ್ತಿಗೆ ಯಾರ ದನಿ ಜೋರೋ ಅವರದೇ ನಿಯಮವಾಗುತ್ತದೆ. ಸ್ಪರ್ಧೆ ಶುರುವಾಗುವ ಮೊದಲೇ ಒಂದು ಸಾಲು ಬೋರ್ಡಿನ ಮೇಲೆ ಬರೆದರೆ ಸಾಕು. ಇದು ನನ್ನ ವಿನಂತಿ.

ನಿಯಮ ಓದಿದ ರಾತ್ರಿಯೇ ತಮ್ಮನಿಗೆ ನಿಜ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: ‘ಭಾಯಿಜಾನ್, ಹಾಗಾದರೆ ಇಷ್ಟು ದಿನ ನಾನು ಸೋತಿದ್ದು?’ ನನ್ನ ಬಳಿ ಉತ್ತರ ಇರಲಿಲ್ಲ. ಕಾರ್ಡ್ ತಾ ಎಂದೆ. ಸರಿಯಾದ ನಿಯಮದ ಮೊದಲ ಆಟದಲ್ಲಿ ಅವನು ತನ್ನ ಸ್ಕಲ್ ಕೊಟ್ಟು ನನ್ನ ಮೆಜಿಶಿಯನ್ ತೆಗೆದ. ನನ್ನ ಅಂಗಳ ಖಾಲಿಯಾಯಿತು. ಆಮೇಲೆ ಸಣ್ಣಪುಟ್ಟ ಕಾರ್ಡುಗಳಲ್ಲೇ ನನ್ನನ್ನು ಸೋಲಿಸಿದ. ಅಮ್ಮಿ ಊಟಕ್ಕೆ ಕರೆದರೂ ಅವನು ಏಳಲಿಲ್ಲ, ಇನ್ನೊಂದು ಆಟಕ್ಕೆ ಕಾರ್ಡ್ ಕಲಸುತ್ತ ಕೂತಿದ್ದ.