ಹಿಂದಿನ ಲೈಟ್ ಉರೀತಿದೆಯಾ?

ಕಳೆದ ಸೆಮಿಸ್ಟರ್, ನವೆಂಬರ್ ತಿಂಗಳ ಒಂದು ಸಂಜೆ. ಲ್ಯಾಬ್ ಮುಗಿಸಿ, ಕ್ಯಾಂಟೀನಲ್ಲಿ ಟೀ ಕುಡಿದು ಹೊರಡೋ ಹೊತ್ತಿಗೆ ಆರೂಮುಕ್ಕಾಲು. ಮೈಸೂರಿನ ಬೋಗಾದಿ ರೋಡಿನಲ್ಲಿ ನಾವು ನಾಲ್ಕು ಜನ ಸಾಲಾಗಿ ಸೈಕಲ್ ತುಳೀತಾ ಬರ್ತಿದ್ವಿ. ಸಣ್ಣಗೆ ಮಳೆ ಹನೀತಿತ್ತು. ಸಾಲಿನ ಕೊನೆಯಲ್ಲಿದ್ದ ನಮ್ಮ ಗೆಳೆಯನಿಗೆ ಹಿಂದಿನಿಂದ ಒಂದು ಸ್ಕೂಟರ್ ಗುದ್ದಿತು. ಸದ್ದು ಕೇಳಿ ತಿರುಗಿ ನೋಡಿದರೆ ಅವನು ರಸ್ತೆ ಬದಿಯ ಮಣ್ಣಿನಲ್ಲಿ ಕೂತಿದ್ದ, ಎಡಗೈಯನ್ನು ಬಲಗೈಯಲ್ಲಿ ಹಿಡ್ಕೊಂಡು.

ಸ್ಕೂಟರಿನ ಅಂಕಲ್ ನಮಗಿಂತ ಜಾಸ್ತಿ ಹೆದರಿದ್ದರು. "ಕಾಣಲೇ ಇಲ್ಲ ಕಣಪ್ಪಾ, ದೇವರಾಣೆ ಕಾಣಲಿಲ್ಲ" ಅಂತ ಅದನ್ನೇ ಹೇಳ್ತಿದ್ದರು. ನಮಗೆ ಸಿಟ್ಟು ಬಂತು. "ಅಷ್ಟು ದೊಡ್ಡ ಲೈಟ್ ಹಾಕಿದೀವಲ್ಲ ಅಂಕಲ್" ಅಂತ ಸೈಕಲ್ ಎತ್ತಿ ತೋರಿಸೋಕೆ ಹೋದ್ವಿ. ಲೈಟ್ ಆರಿತ್ತು.

ಸ್ಟ್ಯಾಂಡಿನಲ್ಲಿ ಅವನು ಅದನ್ನು ಆನ್ ಮಾಡಿದ್ದನ್ನು ನಾವೇ ನೋಡಿದ್ದೆವು. ದಾರಿಯಲ್ಲಿ ಎಲ್ಲಿ ಆರಿತೋ ಗೊತ್ತಿಲ್ಲ. ಅವನಿಗೂ ಗೊತ್ತಾಗಲಿಲ್ಲ, ಮುಂದಿದ್ದ ನಮಗೂ ಗೊತ್ತಾಗಲಿಲ್ಲ. ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟು ಆರು ವಾರ ಪ್ಲಾಸ್ಟರ್ ಹಾಕಿದರು. ಒಂದು ಇಂಟರ್ನಲ್ಸ್ ಹೋಯಿತು. ಅಷ್ಟಕ್ಕೇ ಮುಗಿದದ್ದು ಅದೃಷ್ಟ ಅಂತ ಅವರ ಅಮ್ಮ ಇವತ್ತಿಗೂ ಹೇಳ್ತಾರೆ.

ಆಮೇಲೆ ತುಂಬಾ ದಿನ ನಾವು ಇದರ ಬಗ್ಗೆಯೇ ಮಾತಾಡಿದ್ವಿ. ಸೈಕಲ್ಲಿನಲ್ಲಿ ಏನು ಕೆಟ್ಟರೂ ತುಳಿಯೋನಿಗೆ ತಕ್ಷಣ ಗೊತ್ತಾಗುತ್ತೆ. ಬ್ರೇಕ್ ಹೋದರೆ ಕೈಗೆ ಗೊತ್ತಾಗುತ್ತೆ, ಚೈನ್ ಬಿದ್ದರೆ ಕಾಲಿಗೆ ಗೊತ್ತಾಗುತ್ತೆ, ಪಂಕ್ಚರ್ ಆದರೆ ಸೀಟಿಗೇ ಗೊತ್ತಾಗುತ್ತೆ. ಮುಂದಿನ ಲೈಟ್ ಆರಿದರೆ ರಸ್ತೆ ಕಾಣಲ್ಲ. ಹಿಂದಿನ ಲೈಟ್ ಒಂದು ಮಾತ್ರ ಸುಮ್ಮನೆ ಆರಿಹೋಗುತ್ತೆ. ಅದು ಕೆಟ್ಟಿದೆ ಅಂತ ಎಲ್ಲರಿಗಿಂತ ಕೊನೆಗೆ ಗೊತ್ತಾಗೋದು ಅದರ ಮಾಲೀಕನಿಗೆ.

ಅದಕ್ಕೇ ಈ ಲೇಖನ. ನಮ್ಮ ಅಭಿಪ್ರಾಯ ಇಷ್ಟೇ: ಹಿಂದಿನ ಲೈಟ್ ಕೊಳ್ಳುವಾಗ "ಎಷ್ಟು ಬ್ರೈಟ್" ಅಂತ ಕೇಳೋದು ಎರಡನೇ ಪ್ರಶ್ನೆ. ಮೊದಲ ಪ್ರಶ್ನೆ, "ಮನೆ ಮುಟ್ಟೋವರೆಗೂ ಉರಿಯುತ್ತಾ?" ನಾವು ಮೊದಲನೆಯದನ್ನು ಕೇಳದೇ ಎರಡನೆಯದನ್ನಷ್ಟೇ ಕೇಳಿದ್ವಿ.

ಆ ಲೈಟನ್ನು ನಾವು ಆನ್‌ಲೈನ್ ಸೇಲಿನಲ್ಲಿ ನಾಲ್ಕು ಪೀಸ್ ಒಟ್ಟಿಗೆ ತರಿಸಿದ್ದು. ಡಬ್ಬದ ಮೇಲೆ ದೊಡ್ಡದೊಂದು ಲುಮೆನ್ ಸಂಖ್ಯೆ ಇತ್ತು, ಏಳು ಥರ ಮಿನುಗ್ತಿತ್ತು. ಹಾಸ್ಟೆಲ್ ರೂಮಿನಲ್ಲಿ ಆನ್ ಮಾಡಿ ಗೋಡೆಯೆಲ್ಲ ಕೆಂಪಾದಾಗ ನಾವು ಸಂಭ್ರಮಪಟ್ಟದ್ದೇ ಪಟ್ಟದ್ದು. ಗೋಡೆ ಕೆಂಪಾಗೋದೇ ಒಂದು ಸಮಸ್ಯೆ ಅಂತ ಆಗ ಹೊಳೆದಿರಲಿಲ್ಲ. ಲುಮೆನ್ ಅಂದರೆ ಲೈಟಿನಿಂದ ಎಲ್ಲಾ ದಿಕ್ಕಿಗೂ ಹೊರಬರೋ ಒಟ್ಟು ಬೆಳಕು. ಹಿಂದಿನಿಂದ ಬರೋ ಸ್ಕೂಟರಿನವರ ಕಣ್ಣಿಗೆ, ಅಂದರೆ ಒಂದು ದಿಕ್ಕಿಗೆ, ಎಷ್ಟು ತೀವ್ರವಾಗಿ ಹೋಗುತ್ತೆ ಅನ್ನೋದನ್ನು ಅಳೆಯೋದು ಕ್ಯಾಂಡೆಲಾದಲ್ಲಿ. ಲೆನ್ಸ್ ಸರಿ ಇಲ್ಲದಿದ್ದರೆ ಅರ್ಧ ಬೆಳಕು ಆಕಾಶಕ್ಕೆ, ಇನ್ನರ್ಧ ನಮ್ಮ ಪ್ಯಾಂಟಿಗೆ. ಡಬ್ಬದ ಮೇಲೆ ಲುಮೆನ್ ಬರೀತಾರೆ, ಕ್ಯಾಂಡೆಲಾ ಬರೆಯೋರು ಕಡಿಮೆ.

ನಿಜ ಹೇಳಬೇಕಂದ್ರೆ ಬೆಳಕು ಈಗ ದೊಡ್ಡ ಸಮಸ್ಯೆಯೇ ಅಲ್ಲ. ನಮ್ಮಲ್ಲೊಬ್ಬನ ತಾತನ ಹಳೇ ಸೈಕಲ್ಲಿಗೆ ಟೈರಿಗೆ ಉಜ್ಜಿ ತಿರುಗೋ ಡೈನಮೋ ಇತ್ತಂತೆ. ಸೈಕಲ್ ಡೈನಮೋಗಳ ಸಾಮಾನ್ಯ ಲೆಕ್ಕ 6 ವೋಲ್ಟ್, 3 ವ್ಯಾಟ್. ಅದರಲ್ಲಿ 2.4 ವ್ಯಾಟ್ ಮುಂದಿನ ಬಲ್ಬಿಗೆ, ಉಳಿದ 0.6 ವ್ಯಾಟ್ ಹಿಂದಿನದಕ್ಕೆ. ಬಿಸಿಯಾಗೋದರಲ್ಲೇ ಬಹುಪಾಲು ಶಕ್ತಿ ಕಳ್ಕೊಳ್ಳೋ ಫಿಲಮೆಂಟ್ ಬಲ್ಬು ಅದು. ಅಷ್ಟರಲ್ಲೇ ಆ ಕಾಲದವರು ಮನೆ ಸೇರ್ತಿದ್ದರು. ಇವತ್ತಿನ ಎಲ್‌ಇಡಿ ಅದೇ 0.6 ವ್ಯಾಟಿಗೆ ಅದರ ಹಲವು ಪಟ್ಟು ಬೆಳಕು ಕೊಡುತ್ತೆ. ತಾತ ಇನ್ನೊಂದು ಮಾತು ಹೇಳಿದರು: "ಡೈನಮೋ ಹಾಕಿದ್ರೆ ಪೆಡ್ಲು ಭಾರ ಆಗ್ತಿತ್ತು ಮರಿ. ಭಾರ ಇದ್ರೆ ಕರೆಂಟ್ ಇದೆ ಅಂತ ಅರ್ಥ." ಪೂರ್ತಿ ಗ್ಯಾರಂಟಿ ಅಲ್ಲ, ನಿಂತರೆ ಆರುತ್ತೆ, ಬಲ್ಬ್ ಸುಟ್ಟಿರಬಹುದು. ಆದರೂ ಕಾಲಿಗೆ ಏನೋ ಒಂದು ಸುದ್ದಿ ಬರ್ತಿತ್ತು. ನಮ್ಮ ಎಲ್‌ಇಡಿ ಯಾವ ಸುದ್ದಿಯನ್ನೂ ಕೊಡಲ್ಲ.

ಹಾಗಂತ ಮಂಕು ದೀಪ ಸಾಕು ಅಂತ ನಾವು ಹೇಳ್ತಿಲ್ಲ. ಎಷ್ಟು ದೂರಕ್ಕೆ ಕಾಣಬೇಕು ಅಂತ ಪಿಯುಸಿ ಫಿಸಿಕ್ಸಿನಲ್ಲೇ ಲೆಕ್ಕ ಹಾಕಬಹುದು. ಗಂಟೆಗೆ 50 ಕಿ.ಮೀ. ಅಂದರೆ ಸೆಕೆಂಡಿಗೆ ಸುಮಾರು 14 ಮೀಟರ್. ನೋಡಿ, ಅರ್ಥ ಆಗಿ, ಬ್ರೇಕ್ ಹಿಡಿಯೋಕೆ ಒಂದೂವರೆ ಸೆಕೆಂಡ್ ಅಂದುಕೊಂಡರೆ ಅಲ್ಲಿಗೆ 21 ಮೀಟರ್ ಹೋಯಿತು. ಒದ್ದೆ ರಸ್ತೆಯಲ್ಲಿ ಪ್ರತಿ ಸೆಕೆಂಡಿಗೆ 4 ಮೀಟರ್ ವೇಗ ಇಳಿಯುತ್ತೆ ಅಂತ ಹಿಡಿದರೆ ನಿಲ್ಲೋಕೆ ಇನ್ನೂ 24 ಮೀಟರ್. ಒಟ್ಟು 45. ಇದು ರಸ್ತೆ ಮೇಲೇ ಗಮನ ಇಟ್ಟು ಓಡಿಸೋರ ಲೆಕ್ಕ. ಎದುರಿನ ಬಸ್ಸಿನ ಹೆಡ್‌ಲೈಟ್ ಕಣ್ಣಿಗೆ ಹೊಡೀತಿದ್ದರೆ, ಹೆಲ್ಮೆಟ್ ಗಾಜಿನ ಮೇಲೆ ನೀರಿದ್ದರೆ, ಇದರ ಎರಡು ಮೂರು ಪಟ್ಟು ದೂರದಿಂದಲೇ ನಾವು ಕಾಣಬೇಕು. ಅದಕ್ಕೇ ನಾವು 150 ಮೀಟರ್ ಅಂತ ಇಟ್ಕೊಂಡಿದ್ದೇವೆ. ರಾತ್ರಿ ಗೆಳೆಯನನ್ನು ಸೈಕಲ್ ಹಿಡಿದು ನಿಲ್ಲಿಸಿ, ನೀವು ಇನ್ನೂರು ಹೆಜ್ಜೆ ನಡೆದು ತಿರುಗಿ ನೋಡಿ. ಹುಡುಕದೇ ಕಣ್ಣಿಗೆ ಬಿದ್ದರೆ ಬ್ರೈಟ್‌ನೆಸ್ ಸಾಕು.

ಈಗ ನಂಬಿಕೆಯ ವಿಷಯ. ಆರಿಹೋದ ಆ ಲೈಟನ್ನು ನಾವು ಬಿಚ್ಚಿ ನೋಡಿದ್ವಿ. ಚಾರ್ಜಿಂಗ್ ಪೋರ್ಟಿನ ರಬ್ಬರ್ ಮುಚ್ಚಳ ಸಡಿಲ ಆಗಿತ್ತು. ಚಕ್ರದಿಂದ ಹಾರಿದ ಕೆಸರು ನೀರು ಒಳಗೆ ಹೋಗಿ ತಾಮ್ರದ ಮೇಲೆ ಹಸಿರು ತುಕ್ಕು ಹಿಡಿದಿತ್ತು. ಬ್ಯಾಟರಿಗೆ ಹಾಕಿದ್ದ ಬೆಸುಗೆ ಒಂದು ಕಡೆ ಬಿಟ್ಟಿತ್ತು. ಎಲ್‌ಇಡಿ ಮಾತ್ರ ಚೆನ್ನಾಗೇ ಇತ್ತು! ಬೇರೆ ಬ್ಯಾಟರಿ ಮುಟ್ಟಿಸಿದ ಕೂಡಲೇ ಝಗ್ ಅಂತ ಹತ್ತಿತು. ನಾವು ದುಡ್ಡು ಕೊಟ್ಟಿದ್ದು ಆ ಎಲ್‌ಇಡಿಗೆ. ಕೈಕೊಟ್ಟಿದ್ದು ಹತ್ತು ಪೈಸೆಯ ರಬ್ಬರು ಮತ್ತೆ ಬೆಸುಗೆ.

ಹಾಗಾಗಿ ಈಗ ನಾವು ಯಾವ ಲೈಟ್ ಕೈಗೆತ್ತಿಕೊಂಡರೂ ಮೊದಲು ನೋಡೋದು ನೀರು. ಐಪಿಎಕ್ಸ್4 ಅಂದರೆ ಎಲ್ಲಾ ಕಡೆಯಿಂದ ಎರಚೋ ನೀರಿಗೆ ತಡೆ, ಐಪಿಎಕ್ಸ್6 ಅಂದರೆ ಜೋರಾದ ಧಾರೆಗೆ ತಡೆ, ಐಪಿಎಕ್ಸ್7 ಅಂದರೆ ಒಂದು ಮೀಟರ್ ಆಳದಲ್ಲಿ ಅರ್ಧ ಗಂಟೆ ಮುಳುಗಿದರೂ ತಡೆ. ಮಡ್‌ಗಾರ್ಡ್ ಇಲ್ಲದ ಸೈಕಲ್ಲಿನಲ್ಲಿ ಹಿಂದಿನ ಚಕ್ರ ನೀರನ್ನು ನೇರ ಲೈಟಿಗೇ ಹೊಡೆಯುತ್ತೆ, ಅಲ್ಲಿ 4 ಸಾಕಾಗಲ್ಲ ಅನ್ನೋದು ನಮ್ಮ ಅನುಭವ. ಡಬ್ಬದ ಮೇಲಿನ ನಂಬರನ್ನೂ ಕಣ್ಣು ಮುಚ್ಚಿ ನಂಬೋದು ಬೇಡ. ಕೊಂಡ ದಿನವೇ, ವಾಪಸ್ ಕೊಡೋ ಅವಧಿ ಇರುವಾಗಲೇ, ಕೊಳಾಯಿ ಕೆಳಗೆ ಹಿಡಿದು ನೋಡಿ. ಮುಳುಗೋಕೂ ಆಗುತ್ತೆ ಅಂತ ಡಬ್ಬದಲ್ಲಿ ಬರೆದಿದ್ದರೆ ಬಕೆಟ್ಟಿಗೆ ಹಾಕಿ. ನಮ್ಮ ಹಾಸ್ಟೆಲ್ಲಿನಲ್ಲಿ ಈ ಪರೀಕ್ಷೆಯನ್ನು "ಸ್ನಾನ ಮಾಡಿಸೋದು" ಅಂತೀವಿ.

ಎರಡನೆಯದು ಬ್ಯಾಟರಿ. ಚಾರ್ಜ್ ಮಾಡೋ ಲಿಥಿಯಂ ಬ್ಯಾಟರಿ ಹೆಚ್ಚುಕಡಿಮೆ ಕೊನೆವರೆಗೂ ಒಂದೇ ಥರ ಉರಿದು, ಆಮೇಲೆ ಫಟ್ ಅಂತ ಆರುತ್ತೆ. ಎರಡು ಸಣ್ಣ ಸೆಲ್ ಹಾಕೋ ಲೈಟ್ ಸಾಮಾನ್ಯವಾಗಿ ನಿಧಾನಕ್ಕೆ ಮಂಕಾಗುತ್ತೆ, ಅಂದರೆ ಕೆಲವು ದಿನ ಮುಂಚೆಯೇ ಎಚ್ಚರಿಕೆ ಕೊಡುತ್ತೆ. ಸೆಲ್ ಮುಗಿದರೆ ಯಾವ ಕಿರಾಣಿ ಅಂಗಡಿಯಲ್ಲಾದರೂ ಸಿಗುತ್ತೆ. ಚಾರ್ಜ್ ಮಾಡೋ ಲೈಟೇ ಬೇಕು ಅಂದರೆ, ಬ್ಯಾಟರಿ ಕಡಿಮೆ ಆದಾಗ ತೋರಿಸೋ ಸಣ್ಣ ದೀಪ ಇರೋದನ್ನೇ ತಗೊಳ್ಳಿ.

ಮೂರನೆಯದು ಕೂರಿಸೋ ಜಾಗ. ಸೀಟಿನ ಕಂಬಕ್ಕೆ ರಬ್ಬರಿನಲ್ಲಿ ಕಟ್ಟಿದ ಲೈಟ್ ಎರಡು ಹಂಪ್ ದಾಟೋದರಲ್ಲಿ ತಲೆ ತಗ್ಗಿಸಿ ರಸ್ತೆಗೆ ಬೆಳಕು ಬಿಡುತ್ತೆ. ಮಳೆ ಕೋಟಿನ ಹಿಂಭಾಗ ಜೋತು ಬಿದ್ದರೆ ಮುಗೀತು, ಲೈಟ್ ಇದ್ದೂ ಇಲ್ಲ. ಕ್ಯಾರಿಯರ್ ಇರೋರು ಅದರ ಹಿಂಬದಿಗೆ ನಟ್ಟು ಬೋಲ್ಟ್ ಹಾಕಿ ಕೂರಿಸೋದು ಎಲ್ಲಕ್ಕಿಂತ ಗಟ್ಟಿ. ಕಳ್ಳತನಕ್ಕೂ ಸ್ವಲ್ಪ ತಡೆ.

ಮಿನುಗಬೇಕಾ, ಒಂದೇ ಸಮನೆ ಉರೀಬೇಕಾ? ಇದರ ಬಗ್ಗೆ ದೇಶಗಳೇ ಒಪ್ಪಲ್ಲ. ಜರ್ಮನಿಯ ನಿಯಮದಲ್ಲಿ ಸೈಕಲ್ಲಿಗೆ ಮಿನುಗೋ ಲೈಟ್ ಹಾಕೋ ಹಾಗಿಲ್ಲ. ಬ್ರಿಟನ್ನಿನಲ್ಲಿ 2005ರಿಂದ ಹಾಕಬಹುದು, ನಿಮಿಷಕ್ಕೆ 60ರಿಂದ 240 ಸಲ ಮಿನುಗಬೇಕು ಅಂತ ಲೆಕ್ಕ ಇದೆ. ನಮಗನಿಸೋದು: ಮಿನುಗೋದು ಬೇಗ ಕಣ್ಣಿಗೆ ಬೀಳುತ್ತೆ, ಆದರೆ ಕತ್ತಲಲ್ಲಿ ಎಷ್ಟು ದೂರ ಇದೆ ಅಂತ ಅಂದಾಜು ಸಿಗಲ್ಲ. ಪೂರ್ತಿ ಕತ್ತಲಾದ ಮೇಲೆ ಒಂದಾದರೂ ಲೈಟ್ ಸ್ಥಿರವಾಗಿ ಉರೀತಿರಲಿ.

"ಒಂದಾದರೂ" ಅಂದದ್ದಕ್ಕೆ ಕಾರಣ ಇದೆ. ಒಳ್ಳೆಯ ಒಂದು ಲೈಟಿಗಿಂತ ಸಾಧಾರಣವಾದ ಎರಡು ಲೈಟ್ ವಾಸಿ ಅನ್ನೋದು ನಮ್ಮ ವಾದ. ಲೆಕ್ಕಕ್ಕೆ ಹೇಳೋದಾದರೆ, ಒಂದು ಲೈಟ್ 20 ರಾತ್ರಿಯಲ್ಲಿ ಒಂದು ರಾತ್ರಿ ಕೈಕೊಡುತ್ತೆ ಅಂದುಕೊಳ್ಳಿ. ಎರಡೂ ಒಂದೇ ರಾತ್ರಿ ಕೈಕೊಡೋದು 400ರಲ್ಲಿ ಒಂದು ಸಲ. ಆದರೆ ಈ ಗುಣಾಕಾರ ಸರಿಯಾಗೋದು ಎರಡೂ ಬೇರೆ ಬೇರೆ ಕಾರಣಕ್ಕೆ ಕೆಟ್ಟರೆ ಮಾತ್ರ. ಒಂದೇ ಕಂಪನಿಯ ಎರಡು ಲೈಟನ್ನು ಒಂದೇ ಭಾನುವಾರ ಚಾರ್ಜಿಗೆ ಹಾಕಿದರೆ ಎರಡೂ ಒಂದೇ ಗುರುವಾರ ಆರುತ್ತವೆ! ಹಾಗಾಗಿ ಒಂದು ಚಾರ್ಜಿಂಗ್ ಲೈಟ್, ಇನ್ನೊಂದು ಸೆಲ್ ಲೈಟ್. ನಮಗೆ ಎರಡೂ ಸೇರಿ 900 ರೂಪಾಯಿ ಆಯಿತು. ಅದರ ಜೊತೆಗೆ ಬ್ಯಾಟರಿಯೇ ಬೇಡದ ಕೆಂಪು ರಿಫ್ಲೆಕ್ಟರ್. ಹೊಸ ಸೈಕಲ್ ತಂದವರು ಅದು ಸ್ಟೈಲಾಗಿಲ್ಲ ಅಂತ ಕಿತ್ತು ಬಿಸಾಡ್ತಾರೆ. ನಾವೂ ಕಿತ್ತಿದ್ವಿ. ಹಿಂದಿನ ಗಾಡಿಯ ಹೆಡ್‌ಲೈಟ್ ಬಿದ್ದರೆ ಮಾತ್ರ ಅದು ಹೊಳೆಯೋದು ನಿಜ, ಆದರೆ ಅದರ ಚಾರ್ಜ್ ಯಾವತ್ತೂ ಮುಗಿಯಲ್ಲ.

"ಎಲ್ಲಾ ಸೈಕಲ್‌ನವರೇ ಮಾಡಬೇಕಾ? ಗಾಡಿ ಓಡಿಸೋರು ನೋಡಿ ಓಡಿಸಲಿ" ಅಂತ ಕ್ಲಾಸಲ್ಲಿ ಒಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. 2017ರಲ್ಲೇ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್ ಶುರು ಮಾಡಿದ ಊರು ನಮ್ಮದು, ಸೈಕಲ್ ತುಳಿಯೋರಿಗೆ ಸುರಕ್ಷಿತ ರಸ್ತೆ ಕೇಳೋ ಹಕ್ಕು ಖಂಡಿತ ಇದೆ. ಅದನ್ನು ನಾವೂ ಕೇಳ್ತೀವಿ. ಆದರೆ ಇವತ್ತು ಸಂಜೆ ಆರೂಮುಕ್ಕಾಲಿಗೆ ಅದು ಬರಲ್ಲ. ಲೈಟ್ ಬರುತ್ತೆ.

ಕೊನೆಗೆ ದುಡ್ಡು ಬೇಡದ ಎರಡು ಕೆಲಸ. ಹೊರಡೋ ಮುಂಚೆ ಲೈಟಿನ ಹಿಂದೆ ಅಂಗೈ ಹಿಡಿಯಿರಿ, ಕೆಂಪಾದರೆ ಉರೀತಿದೆ. ದಾರಿಯಲ್ಲಿ ಎಲ್ಲಾದರೂ ನಿಂತಾಗ ಇನ್ನೊಮ್ಮೆ ಹಿಡಿಯಿರಿ. ಎರಡನೆಯದು, ಮುಂದೆ ಹೋಗ್ತಿರೋ ಸೈಕಲ್ಲಿನ ಲೈಟ್ ಆರಿದ್ದರೆ ಕೂಗಿ ಹೇಳಿ. ಪರಿಚಯ ಇಲ್ಲದಿದ್ದರೂ ಹೇಳಿ. ನಮ್ಮ ಗೇಟಿನ ಸೆಕ್ಯೂರಿಟಿ ಅಣ್ಣ ಈಗ ದಿನಾ ಸಂಜೆ ಇದನ್ನು ಮಾಡ್ತಾರೆ. ನಾವು ಗೇಟ್ ದಾಟಿದ ಮೇಲೆ ಹಿಂದಿನಿಂದ "ಉರೀತಿದೆ, ಹೋಗ್ರಪ್ಪಾ" ಅಂತಾರೆ. ಒಂದು ದಿನ ನಾವೂ ಅವರ ಸೈಕಲ್ ನೋಡಿದ್ವಿ. ರಾತ್ರಿ ಡ್ಯೂಟಿ ಮುಗಿಸಿ ಊರಿಗೆ ಹೋಗೋ ಆ ಸೈಕಲ್ಲಿಗೆ ಲೈಟೂ ಇರಲಿಲ್ಲ, ರಿಫ್ಲೆಕ್ಟರೂ ಇರಲಿಲ್ಲ. ನಾಚಿಕೆ ಆಯಿತು. ಎಲ್ಲರೂ ಸೇರಿ ಒಂದು ಸೆಲ್ ಲೈಟ್ ತಂದು ಅವರ ಕ್ಯಾರಿಯರಿಗೆ ಬೋಲ್ಟ್ ಹಾಕಿ ಕೂರಿಸಿದ್ವಿ. "ನಂಗ್ಯಾಕಪ್ಪಾ ಇದೆಲ್ಲಾ" ಅಂದರು, ಆದರೆ ಬಿಚ್ಚಿಲ್ಲ.

ಈ ಶನಿವಾರ ಕ್ಲಾಸ್ ಮುಗಿದ ಮೇಲೆ ಸೈಕಲ್ ಸ್ಟ್ಯಾಂಡಿನಲ್ಲಿ ನಾವಿರ್ತೀವಿ, ಸ್ಪ್ಯಾನರ್, ಸ್ಕ್ರೂಡ್ರೈವರ್, ಒಂದು ಬಕೆಟ್ ನೀರು ಇಟ್ಕೊಂಡು. ನಿಮ್ಮ ಲೈಟ್ ತನ್ನಿ, ಸ್ನಾನ ಮಾಡಿಸಿ ಕೊಡ್ತೀವಿ. ಪ್ಲಾಸ್ಟರ್ ಬಿಚ್ಚಿಸಿಕೊಂಡ ನಮ್ಮ ಗೆಳೆಯನೂ ಬರ್ತಾನೆ. ಈಗ ಅವನು ಸಾಲಿನಲ್ಲಿ ಮುಂದೆ ತುಳೀತಾನೆ, ಹಿಂದೆ ಇರೋನು ಪ್ರತಿ ಸಿಗ್ನಲ್ಲಿಗೆ "ಉರೀತಿದೆ ಮಗಾ" ಅಂತ ಕೂಗ್ತಾನೆ. ಸಾಲಿನ ಕೊನೆಯವನ ಲೈಟ್ ನೋಡೋಕೆ ಯಾರೂ ಇರಲ್ಲ. ಅದಕ್ಕೆ ಎರಡು ಲೈಟ್ ಇರೋರೇ ಕೊನೆಗೆ ಬರಬೇಕು ಅಂತ ನಾವು ರೂಲ್ ಮಾಡ್ಕೊಂಡಿದ್ದೇವೆ.