ನಿಮ್ಮ ಮುಸ್ತಫಾನೂ ಅಷ್ಟೇನ್ ಸಾಚಾ ಅಲ್ಲ

(1/5)
ಆ ರೀಲ್ ನೀವೂ ನೋಡಿರ್ತೀರ. ಹಳೇ ವಿಡಿಯೋ ಗೇಮ್ ಪೆಟ್ಟಿಗೆ, ಹಿಂದೆ ಕೊಳಲಿನ ಮ್ಯೂಸಿಕ್ಕು, ಮೇಲೊಂದು ಬರಹ: ಆಗ ಗೇಮ್ ಅಂದ್ರೆ ಬರೀ ಖುಷಿ, ಈಗ ಬರೀ ದುಡ್ಡು. ಕಮೆಂಟಲ್ಲಿ ಅಣ್ಣಂದಿರೆಲ್ಲ ಸಾಲಾಗಿ ಕೂತು ಕಣ್ಣೀರು. ಕೊನೆಗೆ ತಪ್ಪದೇ ಒಂದು ಮಾತು, ಈಗಿನ ಮಕ್ಕಳು ಹಾಳಾಗಿ ಹೋದ್ವು ಅಂತ.

ಹಾಳಾದವರ ಪೈಕಿ ನಾನೂ ಒಬ್ಬಳು. ವಯಸ್ಸು 20, ಬಿಕಾಂ. ಕೋಪ ಯಾಕೆ ಅಂದ್ರೆ, ಹೋದ ತಿಂಗಳು ನನ್ನ ತಮ್ಮ (ಒಂಬತ್ತನೇ ಕ್ಲಾಸು) ಅಮ್ಮನ ಫೋನಿಂದ 11 ದಿನದಲ್ಲಿ 4,600 ರೂಪಾಯಿ ಒಂದು ಗೇಮಿಗೆ ಸುರಿದ. ಅಮ್ಮ ಬ್ಲೌಸ್ ಹೊಲಿದು ಕೂಡಿಟ್ಟ ದುಡ್ಡು ಅದು. ಅವನನ್ನ ಸಮರ್ಥಿಸ್ತಿಲ್ಲ, ನನ್ನ ಕೈಲಿ ಬೇಕಾದಷ್ಟು ಬೈಸಿಕೊಂಡಿದ್ದಾನೆ. ಆದ್ರೆ ಭಾನುವಾರ ಮಾಮ ಬಂದು ಶುರು ಮಾಡಿದ್ರಲ್ಲ ಭಾಷಣ: "ನಮ್ಮ ಕಾಲದಲ್ಲಿ ಒಂದು ರೂಪಾಯಿಗೆ ಇಡೀ ಸಂಜೆ ಮುಸ್ತಫಾ ಆಡ್ತಿದ್ವಿ."

ಇಡೀ ಸಂಜೆ? ಬನ್ನಿ ಲೆಕ್ಕ ಹಾಕೋಣ.

(2/5)
ಮೊದಲು ಹೆಸರು. ನೀವು ಮುಸ್ತಫಾ ಅನ್ನೋ ಆ ಗೇಮಿನ ಅಸಲಿ ಹೆಸರು ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್. ಜಪಾನಿನ ಕ್ಯಾಪ್ಕಾಮ್ ಕಂಪನಿ 1993ರಲ್ಲಿ ಮಾಡಿದ್ದು. ನಾಲ್ಕು ಜನರಲ್ಲಿ ಒಬ್ಬ ಮುಸ್ತಫಾ. ಓಡಿ ಬಂದು ಹಾರಿ ಒದೀತಾನೆ ಅಂತ ನಮ್ಮವರು ಇಡೀ ಗೇಮನ್ನೇ ಅವನ ಹೆಸರಿಗೆ ಬರೆದುಕೊಟ್ರು.

ಈಗ ಕಾಸ್ಟ್ ಅಕೌಂಟಿಂಗ್ ಪೇಪರಲ್ಲಿ ಮೆಷಿನ್ ಅವರ್ ರೇಟ್ ಅಂತ ಒಂದು ಪಾಠ ಇದೆ. ಒಂದು ಗಂಟೆ ಮೆಷಿನ್ ಓಡಿದ್ರೆ ಎಷ್ಟು ಖರ್ಚು ಅಂತ ತೆಗೆಯೋ ಲೆಕ್ಕ. ಅದನ್ನೇ ತಿರುಗಿಸಿ, ಎಷ್ಟು ಆದಾಯ ಅಂತ ಕೇಳಿ. ಕಾಯಿನ್ ಒಂದು ರೂಪಾಯಿ. ನೀವು 3 ನಿಮಿಷಕ್ಕೆ ಸತ್ರೆ ಗಂಟೆಗೆ 20 ರೂಪಾಯಿ. 20 ನಿಮಿಷ ಬದುಕಿದ್ರೆ ಗಂಟೆಗೆ ಬರೀ 3. ಬಾಡಿಗೆ ಅದೇ, ಕರೆಂಟ್ ಬಿಲ್ ಅದೇ. ಹಾಗಾದ್ರೆ ನೀವು ಎಷ್ಟು ಹೊತ್ತು ಬದುಕಬೇಕು ಅಂತ ಅಂಗಡಿಯವನು ಬಯಸ್ತಾನೆ, ನೀವೇ ಹೇಳಿ.

ಅವನ ಕೈಲಿ ಅದಕ್ಕೆ ದಾರಿಯೂ ಇತ್ತು. ಎಷ್ಟೋ ಹಳೇ ಗೇಮ್ ಬೋರ್ಡುಗಳಲ್ಲಿ ಡಿಪ್ ಸ್ವಿಚ್ ಅಂತ ಪುಟಾಣಿ ಸ್ವಿಚ್‌ಗಳಿರ್ತಿದ್ವು. ಒಂದು ಕಾಯಿನ್‌ಗೆ ಎಷ್ಟು ಲೈಫ್, ಗೇಮ್ ಎಷ್ಟು ಕಷ್ಟ, ಎಲ್ಲ ಅಲ್ಲೇ ತಿರುಗಿಸಬಹುದಿತ್ತು. ನೀವು "ಇವತ್ತು ಕೈ ಸರಿ ಇಲ್ಲ" ಅಂದ್ಕೊಂಡು ಮನೆಗೆ ಹೋಗ್ತಿದ್ರಿ.

ಮಾಮ ಇಡೀ ಸಂಜೆ ಇರ್ತಿದ್ದಿದ್ದು ನಿಜ. ಮೂರು ನಿಮಿಷ ಆಡಿ, ಉಳಿದಿದ್ದು ಬೇರೆಯವರ ಹೆಗಲ ಮೇಲಿಂದ ಇಣುಕಿ. ಇನ್ನೊಂದು ಕಾಯಿನ್ ಬೇಕಾದ್ರೆ ಅಜ್ಜಿಯ ಸಾಸಿವೆ ಡಬ್ಬಿ. ಇದನ್ನ ಹೇಳಿದ್ದು ಅಮ್ಮ. ಮಾಮನ್ನ ಕರ್ಕೊಂಡು ಬಾ ಅಂತ ಅಮ್ಮನ್ನ ಕಳಿಸ್ತಿದ್ರಂತೆ, ಬಾಗಿಲ ಹೊರಗೇ ನಿಂತು ಕೂಗಬೇಕು, ಹೆಣ್ಣುಮಕ್ಕಳು ಒಳಗೆ ಹೋಗೋ ಹಾಗಿರಲಿಲ್ಲ. ನಿಮ್ಮ ಸುವರ್ಣ ಯುಗ ಅಮ್ಮನಿಗೆ ಬಾಗಿಲ ತನಕ ಮಾತ್ರ.

(3/5)
"ಆದ್ರೂ ಆಗ ಗೇಮ್ ಒಳಗೆ ದುಡ್ಡು ಕೇಳ್ತಿರಲಿಲ್ಲ" ಅಂತೀರ. ಕೇಳ್ತಿತ್ತು ಸ್ವಾಮಿ.

1985ರಲ್ಲಿ ಅಟಾರಿಯವರು ಗಾಂಟ್ಲೆಟ್ ಅಂತ ಒಂದು ಗೇಮ್ ತಂದ್ರು. ಅದರಲ್ಲಿ ನೀವು ಸುಮ್ನೆ ನಿಂತಿದ್ರೂ ಹೆಲ್ತ್ ಇಳೀತಾ ಇರುತ್ತೆ. ಯಾರೂ ಹೊಡೀಬೇಕಾಗಿಲ್ಲ. ಏರಿಸಬೇಕಾ? ಆಟದ ಒಳಗೆ ಊಟ ಹುಡುಕಿ, ಇಲ್ಲಾಂದ್ರೆ ಕಾಯಿನ್ ಹಾಕಿ. 1990ರ ಡಬಲ್ ಡ್ರ್ಯಾಗನ್ 3ರಲ್ಲಿ ನೇರವಾಗಿ ಅಂಗಡಿನೇ ಇತ್ತು. ಅಮೆರಿಕದಲ್ಲಿ ಬಂದ ಮೆಷಿನ್‌ನಲ್ಲಿ ಆಯುಧ, ಹೊಸ ಏಟು, ಹೊಸ ಆಟಗಾರ, ಎಲ್ಲದಕ್ಕೂ ಅಸಲಿ ಕಾಯಿನ್. ನನ್ನ ತಮ್ಮ ಇನ್ನೂ ಹುಟ್ಟಿರಲಿಲ್ಲ, ನನ್ನ ಅಪ್ಪ ಅಮ್ಮನಿಗೆ ಮದುವೆಯೂ ಆಗಿರಲಿಲ್ಲ.

ಮತ್ತೆ ಆ "ಕಂಟಿನ್ಯೂ?" ಪರದೆ. ಅಂಕಿ ಇಳೀತಿದೆ, ಎದೆ ಢವಢವ, ಕೈ ಜೇಬಿಗೆ. ತಮ್ಮನ ಫೋನಲ್ಲಿ "ಆಫರ್ ಮುಗಿಯಲು 2 ನಿಮಿಷ" ಅಂತ ಬರುತ್ತಲ್ಲ, ಅದು ಇದರ ಮೊಮ್ಮಗ.

(4/5)
ಹಾಗಾದ್ರೆ ಆಗ ಈಗ ಎರಡೂ ಒಂದೇನಾ? ಅಲ್ಲ. ಇಲ್ಲೇ ನೀವೆಲ್ಲ ತಪ್ಪು ಜಾಗಕ್ಕೆ ಕೈ ತೋರಿಸ್ತೀರ ಅನ್ನೋದು ನನ್ನ ಜಗಳ.

ಆಗ ಒಂದು ರೂಪಾಯಿ ಒಂದು ರೂಪಾಯಿ ಥರಾನೇ ಕಾಣ್ತಿತ್ತು. ಕೈಲಿ ತೂಕ ಇತ್ತು, ಬಿದ್ದಾಗ ಠಣ್ ಅಂತಿತ್ತು. ಜೇಬು ಖಾಲಿ ಅಂದ್ರೆ ಆಟ ಖಾಲಿ. ಸಣ್ಣ ಊರಲ್ಲಿ ಅಂಗಡಿಯವನಿಗೆ ನಿಮ್ಮಪ್ಪನ ಪರಿಚಯ ಬೇರೆ. ಈಗ ರೂಪಾಯಿ ಮೊದಲು ಡೈಮಂಡ್ ಆಗುತ್ತೆ, ಆಮೇಲೆ ಡೈಮಂಡ್ ಇನ್ನೇನೋ ಆಗುತ್ತೆ. ಬಂದೂಕಿನ ಬಣ್ಣಕ್ಕೆ ಎಷ್ಟು ರೂಪಾಯಿ ಹೋಯ್ತು ಅಂತ ನನ್ನ ತಮ್ಮನ್ನ ಕೇಳಿದೆ, ಅವನಿಗೆ ನಿಜವಾಗ್ಲೂ ಗೊತ್ತಿರಲಿಲ್ಲ. ನಾನೇ ಬ್ಯಾಂಕ್ ಮೆಸೇಜ್ ನೋಡಿ ಕೂಡಿಸಿದೆ. ಅವನಿಗೆ ಪಿನ್ ಗೊತ್ತಿತ್ತು ಅನ್ನೋದು ನಮ್ಮ ತಪ್ಪು, ಒಪ್ತೀನಿ. ಆದ್ರೆ ಬೆಲೆಯನ್ನ ರೂಪಾಯಲ್ಲಿ ಬರೀದೇ ಇರೋದು 14 ವರ್ಷದ ಹುಡುಗನ ತಪ್ಪಾ?

"ನಮ್ಮ ಗುಣ ಒಳ್ಳೇದಿತ್ತು" ಅಂತ ರೀಲ್ ಹಾಕೋ ಬದಲು ಇದನ್ನ ಕೇಳಿ: ಬೆಲೆ ರೂಪಾಯಲ್ಲಿ ತೋರಿಸಿ, ದಿನಕ್ಕೆ ಇಷ್ಟೇ ಅಂತ ಮಿತಿ ಹಾಕಿ. ನಿಮ್ಮ ಜೇಬು ನಿಮಗೆ ಪುಕ್ಕಟೆ ಕೊಟ್ಟಿದ್ದ ಮಿತಿ ಅದು.

ಕಾಯಿನ್ ಬಾಕ್ಸ್ ಇಲ್ಲದಿದ್ರೆ ಗೇಮ್ ಎಷ್ಟು ಉದಾರಿ ಆಗುತ್ತೆ ಅಂತ ನೋಡಬೇಕಾದ್ರೆ ಕಾಂಟ್ರಾ ಸಾಕು. 1987ರಲ್ಲಿ ಪಾರ್ಲರ್ ಮೆಷಿನ್ ಆಗಿ ಬಂತು, ಕಾಯಿನ್ ತಿಂತು. ಮನೆ ಟಿವಿಗೆ ಬಂದಾಗ ಅದೇ ಕಂಪನಿ ಒಂದು ಗುಟ್ಟು ಇಟ್ಟಿತ್ತು: ಮೇಲೆ ಮೇಲೆ ಕೆಳಗೆ ಕೆಳಗೆ ಎಡ ಬಲ ಎಡ ಬಲ ಬಿ ಎ, ತಗೋ 30 ಲೈಫ್. (ಬೆರಳು ತಾನಾಗೇ ಆಡಿತಾ? ಗೊತ್ತು.) ಇನ್ನು ಕಂಪ್ಯೂಟರ್ ಕ್ಲಾಸಿನ ಡೇಂಜರಸ್ ಡೇವ್, ಪ್ರಿನ್ಸ್ ಆಫ್ ಪರ್ಷಿಯಾ "ಒಂದೇ ಸಲ ದುಡ್ಡು ಕೊಟ್ಟು" ಆಡಿದ್ವಿ ಅನ್ನೋರು ಬಿಲ್ ತೋರಿಸಿ. ಫ್ಲಾಪಿ ಯಾರದ್ದು ಅಂತ ನನಗೂ ಗೊತ್ತು, ನಿಮಗೂ ಗೊತ್ತು.

(5/5)
ಮೊನ್ನೆ ಮಾಮನಿಗೆ ನನ್ನ ಲ್ಯಾಪ್‌ಟಾಪಲ್ಲಿ ಎಮ್ಯುಲೇಟರ್ ಹಾಕಿ ಮುಸ್ತಫಾ ಕೊಟ್ಟೆ. ಅದರಲ್ಲಿ 5 ಒತ್ತಿದ್ರೆ ಒಂದು ಕಾಯಿನ್ ಬಿದ್ದ ಹಾಗೆ. ಮಾಮ ಸೋಫಾ ತುದೀಲಿ ಕೂತು ಎರಡು ಗಂಟೆ ಆಡಿದ್ರು. ಸತ್ತಾಗೆಲ್ಲ 5, ಅಂಕಿ ಇಳಿಯೋಕೆ ಮುಂಚೇನೇ 5. ತಮ್ಮ ಪಕ್ಕದಲ್ಲಿ ನೋಟ್‌ಬುಕ್ ಇಟ್ಕೊಂಡು ಗೀಟು ಹಾಕ್ತಿದ್ದ.

47 ಗೀಟು. ಕೊನೇ ಬಾಸ್ ಸತ್ತಿರಲಿಲ್ಲ.

ಮಾಮ ನೋಟ್‌ಬುಕ್ ನೋಡಿದ್ರು, ಅಮ್ಮನ್ನ ನೋಡಿದ್ರು, "ಕೀಬೋರ್ಡ್ ಅಭ್ಯಾಸ ಇಲ್ಲ" ಅಂದ್ರು. ಅಮ್ಮ ಏನೂ ಹೇಳಲಿಲ್ಲ, ಲ್ಯಾಪ್‌ಟಾಪ್ ತನ್ನ ಕಡೆ ತಿರುಗಿಸ್ಕೊಂಡು "ಓಡೋದು ಯಾವ ಬಟನ್ನು?" ಅಂತ ಕೇಳಿದ್ಲು.

#ಮುಸ್ತಫಾ #ವಿಡಿಯೋಗೇಮ್ #ನಮ್ಮಕಾಲದಲ್ಲಿ