ಕಾಳಿಗೆ ಯಂತ್ರ, ಹುಲ್ಲಿಗೆ ಬೆಂಕಿ

ತುಂಗಭದ್ರಾ ಅಚ್ಚುಕಟ್ಟಿನ ಗಂಗಾವತಿ, ಸಿಂಧನೂರು ಸೀಮೆಯಲ್ಲಿ ಇಂದು ಭತ್ತದ ಕೊಯ್ಲೆಂದರೆ ಕಂಬೈನ್ ಯಂತ್ರವೇ ಸರಿ. ಕೊಯ್ಯುವ, ಬಡಿಯುವ, ತೂರುವ ಕಾರ್ಯಗಳನ್ನು ಅದು ಒಂದೇ ಓಟದಲ್ಲಿ ಮುಗಿಸುತ್ತದೆ. ಆಳುಗಳು ದೊರೆಯದ ಕಾಲದಲ್ಲಿ ಅದನ್ನು ನಿಂದಿಸುವುದು ಅವಿವೇಕ. ನಡು ಬಾಗಿಸಿ ಕೊಯ್ದವರ ನೋವನ್ನು ಬಲ್ಲವರಾರೂ ನಿಂದಿಸಲಾರರು.

ನಮ್ಮ ಆಕ್ಷೇಪವೇ ಬೇರೆ. ಕುಡುಗೋಲು ಬುಡಕ್ಕೆ ಕೊಯ್ದು ಹುಲ್ಲನ್ನು ಬಣವೆಗೆ ಒಪ್ಪಿಸುತ್ತಿತ್ತು. ಯಂತ್ರವು ಎತ್ತರದಲ್ಲಿ ಕತ್ತರಿಸಿ, ಕೂಳೆಯನ್ನು ನಿಲ್ಲಿಸಿ, ಹುಲ್ಲನ್ನು ಗದ್ದೆಯಲ್ಲೇ ಚೆಲ್ಲಿ ಹೋಗುತ್ತದೆ. ಎರಡನೆಯ ಬೆಳೆಯ ಆತುರದಲ್ಲಿ ಅನೇಕರು ಅದಕ್ಕೆ ಬೆಂಕಿಯಿಡುತ್ತಾರೆ. ‘ಬೂದಿಯೂ ಗೊಬ್ಬರವಲ್ಲವೇ?’ ಎಂದು ಕೇಳುವವರುಂಟು. ಪೊಟ್ಯಾಷ್ ಬೂದಿಯಲ್ಲಿ ಉಳಿದೀತು; ಆದರೆ ಒಂದು ಟನ್ ಹುಲ್ಲಿನಲ್ಲಿರುವ 5ರಿಂದ 8 ಕಿಲೋ ಸಾರಜನಕವು ಬಹುತೇಕ ಹೊಗೆಯೊಡನೆ ಹೋಯಿತು, ಮೇಲ್ಮಣ್ಣಿನ ಜೀವಾಣುಗಳು ಬೆಂದವು. ಸುಟ್ಟದ್ದನ್ನೇ ಮತ್ತೆ ಯೂರಿಯಾ ಚೀಲದಲ್ಲಿ ಹಣ ತೆತ್ತು ತರುವುದು ಯಾವ ಲೆಕ್ಕಾಚಾರ! ಅತ್ತ ಮಳೆಯಾಶ್ರಿತ ತಾಲ್ಲೂಕುಗಳಲ್ಲಿ ಬರ ಬಂದಾಗ ದನಗಳು ಮೇವಿಲ್ಲದೆ ಸಂತೆ ಸೇರುತ್ತವೆ.

ಹುಲ್ಲನ್ನು ಪೆಂಡಿ ಕಟ್ಟುವ ಬೇಲರ್ ಎಂಬ ಯಂತ್ರವೂ ಉಂಟು. ಪಂಜಾಬಿನಲ್ಲಿ ಭತ್ತದ ಕೂಳೆಯ ನಡುವೆಯೇ ಗೋಧಿ ಬಿತ್ತುವ ‘ಹ್ಯಾಪಿ ಸೀಡರ್’ ಬಳಕೆಗೆ ಬಂದಿದೆ. ಕಂಬೈನಿಗೆ ಗಂಟೆಯ ಲೆಕ್ಕದಲ್ಲಿ ಬಾಡಿಗೆ ತೆರುವ ಕೈಗಳು ಬೇಲರಿಗೆ ಮಾತ್ರ ಹಿಂಜರಿಯುವುದೇಕೆ? ಸದ್ಭಕ್ತರು ಮುಂದಿನ ಸುಗ್ಗಿಗೆ ಎರಡನ್ನೂ ಒಟ್ಟಿಗೇ ಗೊತ್ತುಮಾಡಿಕೊಳ್ಳಲಿ.